ನಿಮಗಿದು ಗೊತ್ತೇ? ಮೀನಿನ ಊರಿನಲ್ಲಿ ಮೊದಲ ಸಸ್ಯಾಹಾರ

ಮಂಗಳೂರಿನ ನಂತೂರು ವೃತ್ತದಲ್ಲಿ ನಿಂತವರಿಗೆ ಯಾವ ದಿಕ್ಕಿಗೆ ತಿರುಗಿದರೂ ಒಂದು ಊಟದ ದಾರಿ ಸಿಗುತ್ತದೆ. ಬಡಗಕ್ಕೆ ಹೋಗುವ ಹೆದ್ದಾರಿ 66 ಉಡುಪಿಗೆ, ಅಲ್ಲಿಯ ಮಠಗಳ ಅಡುಗೆಮನೆಗೆ. ಬಿಕರ್ನಕಟ್ಟೆ, ಕುಲಶೇಖರ, ವಾಮಂಜೂರು ದಾಟುವ ಹೆದ್ದಾರಿ 169 ಮೂಡುಬಿದಿರೆಗೆ, ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನ ಮನೆಗಳಿಗೆ. ತೆಂಕಕ್ಕೆ ಹೋದರೆ ತಲಪಾಡಿ ಕಳೆದು ಕಾಸರಗೋಡು, ಇನ್ನೂ ಮುಂದೆ ಮಾಲೆ ಹಾಕಿದವರ ಶಬರಿಮಲೆ. ಪಡುವಕ್ಕೆ ಇಳಿದರೆ ಮಲ್ಲಿಕಟ್ಟೆ, ಕದ್ರಿ ಮಾರ್ಕೆಟು. ಅಲ್ಲಿ ಬಸಳೆಯ ಕಟ್ಟೂ ಇದೆ, ಬಂಗುಡೆಯ ಬುಟ್ಟಿಯೂ ಇದೆ.

ಈ ಊರಿನಲ್ಲಿ ಹುಟ್ಟಿ, ಮೀನಿನ ಸಾರಿಲ್ಲದೆ ಅನ್ನ ಇಳಿಯದವರು ಒಂದು ದಿನ ‘ಸ್ವಲ್ಪ ಸಮಯ ಮೀನು, ಮಾಂಸ ಬಿಟ್ಟು ನೋಡುತ್ತೇನೆ’ ಎಂದರೆ ಮನೆಯವರು ಮೊದಲು ಕೇಳುವುದು ‘ಮತ್ತೆ ತಿನ್ನುವುದು ಏನನ್ನು?’ ಎಂದು. ಬಿಡಲು ಕಾರಣ ಏನೇ ಇರಲಿ: ಹರಕೆ, ವೈದ್ಯರ ಮಾತು, ಪ್ರಾಣಿಗಳ ಮೇಲಿನ ಕರುಣೆ, ಬರಿಯ ಕುತೂಹಲ. ಮನೆಯವರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಪನೀರು, ಸಲಾಡು ಎಂದು ಹೊರಗೆ ಹುಡುಕುವ ಮೊದಲು ನಮ್ಮದೇ ಕರಾವಳಿಯ ಪಂಚಾಂಗವನ್ನೂ ಅಡುಗೆಮನೆಯನ್ನೂ ಒಮ್ಮೆ ನೋಡಬೇಕು. ಅಲ್ಲಿ ಉತ್ತರ ಆಗಲೇ ಬರೆದಿಟ್ಟ ಹಾಗೆ ಇದೆ.

◆ ಶುರು ಮಾಡಲು ಒಳ್ಳೆಯ ದಿನ ಯಾವುದು ಗೊತ್ತೇ? ಜೂನ್ 1. ಪಡುವಣ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಅಂದಿನಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಮೀನು ಮೊಟ್ಟೆಯಿಡುವ, ಮರಿ ಬೆಳೆಯುವ ಕಾಲಕ್ಕೆ ಕೊಟ್ಟ ಬಿಡುವು ಇದು. ಬಂದರಿನ ಬೋಟುಗಳು ದಕ್ಕೆಯಲ್ಲಿ ಸಾಲಾಗಿ ಕಟ್ಟಿ ನಿಂತಿರುತ್ತವೆ. ನಾಡದೋಣಿಯವರು ತರುವ ಸ್ವಲ್ಪ ಮೀನಿಗೂ ಐಸಿನಲ್ಲಿಟ್ಟು ಹೊರಗಿನಿಂದ ಬರುವ ಮೀನಿಗೂ ಬೆಲೆ ಏರುತ್ತದೆ. ಸಮುದ್ರವೇ ಬಾಗಿಲು ಹಾಕಿದ ಈ ಎರಡು ತಿಂಗಳಲ್ಲಿ ಮನೆಯಲ್ಲಿ ಆಸೆ ಹುಟ್ಟಿಸುವ ವಾಸನೆಯೂ ಕಡಿಮೆ.

◆ ಮೀನು ತಿನ್ನುವ ತುಳುವರ ಮನೆಗಳಲ್ಲಿಯೂ ಮೀನಿಲ್ಲದ ದಿನಗಳು ಎಷ್ಟೋ ಇವೆ. ಒಂದು ಮನೆಗೆ ಸೋಮವಾರ, ಇನ್ನೊಂದಕ್ಕೆ ಶನಿವಾರ, ಮತ್ತೊಂದಕ್ಕೆ ಸಂಕ್ರಾಂತಿ. ನವರಾತ್ರಿಯ ಒಂಬತ್ತು ದಿನ, ಆಗಸ್ಟ್ ನಡುವಿನಿಂದ ಶುರುವಾಗುವ ಸೋಣ ತಿಂಗಳು ಪೂರ್ತಿ ಬಿಡುವವರೂ ಇದ್ದಾರೆ. ಅವರು ತಮ್ಮನ್ನು ಸಸ್ಯಾಹಾರಿ ಎಂದು ಕರೆದುಕೊಳ್ಳುವುದಿಲ್ಲ. ‘ಇವತ್ತು ಮೀನಿಲ್ಲ’ ಎನ್ನುತ್ತಾರೆ, ಅಷ್ಟೆ. ಮೊದಲ ಸಲ ಪ್ರಯತ್ನಿಸುವವರಿಗೆ ಈ ಮಾತು ಹಗುರ. ನಾಳೆಯ ಲೆಕ್ಕ ನಾಳೆಗೆ.

◆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಹಿಂದೆ ಕರಾವಳಿಗೆ ಬಡತನದ ತಿಂಗಳಾಗಿತ್ತು. ಗದ್ದೆ ಕೆಲಸ ಮುಗಿದಿರುತ್ತಿತ್ತು, ಕಣಜ ಬರಿದಾಗಿರುತ್ತಿತ್ತು, ಕಡಲಿಗೆ ಇಳಿಯುವ ಹಾಗಿರಲಿಲ್ಲ. ಆಗ ಹೊಟ್ಟೆ ತುಂಬಿಸಿದ್ದು ಗುಡ್ಡೆ, ತೋಡು, ಬೇಲಿಯ ಬದಿಯಲ್ಲಿ ಸಿಕ್ಕಿದ್ದು, ಮನೆಯಲ್ಲಿ ಕೂಡಿಟ್ಟದ್ದು: ಕೆಸು, ತಜಂಕ್ ಸೊಪ್ಪು, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಣ್ಣಿನಲ್ಲಿ ಹೊರಳಿಸಿ ಒಣಗಿಸಿಟ್ಟ ಹಲಸಿನ ಬೀಜ. ಇಂದು ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಹಬ್ಬದಂತೆ ಬಡಿಸುವ ಸಾಲು ತಿಂಡಿಗಳು ಅಂದು ಹಸಿವೆ ಕಲಿಸಿದ ಅಡುಗೆಗಳು. ಅವನ್ನು ಉಣ್ಣುವಾಗ ನನಗೆ ಆ ಹಿರಿಯರ ನೆನಪಾಗದೆ ಇರುವುದಿಲ್ಲ.

◆ ಕೆಸುವಿನ ಎಲೆ ಗಂಟಲು ತುರಿಸುವುದೇಕೆ? ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಬಾಯಿಯ ತೆಳು ಚರ್ಮಕ್ಕೆ ಅವು ಚುಚ್ಚುತ್ತವೆ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳುವುದು, ಸುರುಳಿಯನ್ನು ಹಬೆಯಲ್ಲಿ ಹೊತ್ತುಗಟ್ಟಲೆ ಬೇಯಿಸುವುದು ಇದಕ್ಕಾಗಿಯೇ. ಮೊದಲ ಸಲ ಮಾಡುವವರು ಹುಳಿಯಲ್ಲಿ ಕೈ ಹಿಡಿಯಬಾರದು. ಕೇಂದ್ರದ ಆಯುಷ್ ಸಚಿವಾಲಯ ಹೊರತಂದ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಯಲ್ಲಿ ನಮ್ಮ ಪತ್ರೊಡೆಗೂ ಜಾಗ ಸಿಕ್ಕಿದೆ.

◆ ಕಣಿಲೆ, ಅಂದರೆ ಎಳೆ ಬಿದಿರು. ಹಸಿಯಾಗಿ ತಿಂದರೆ ಅದು ವಿಷ. ಸಯನೈಡ್ ಬಿಡುವ ವಸ್ತು ಅದರಲ್ಲಿದೆ. ಕೊಚ್ಚಿ ನೀರಿನಲ್ಲಿ ಮೂರು ದಿನ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು ಎಂದು ಅಜ್ಜಿಯಂದಿರು ಹೇಳುತ್ತಿದ್ದ ಕ್ರಮದಲ್ಲಿ ಒಂದು ದಿನವೂ ಕಡಿಮೆ ಮಾಡಬೇಡಿ.

◆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯಕ್ಕೂ ಎಚ್ಚರಿಕೆ ಬೇಕು. ಮರ ಗುರುತಿಸಲು ತಿಳಿದವರು ತಂದದ್ದನ್ನೇ ಕುಡಿಯಿರಿ. ಕಷಾಯದ ಹಿಂದೆಯೇ ಮೆಂತೆ ಗಂಜಿ ಬರುತ್ತದೆ, ಕಹಿಯ ಉಷ್ಣ ಇಳಿಸಲು.

◆ ಅಣಬೆ ಸಸ್ಯವಲ್ಲ! ಪ್ರಾಣಿಯೂ ಅಲ್ಲ. ಶಿಲೀಂಧ್ರಗಳದ್ದು ಬೇರೆಯೇ ಒಂದು ಸಾಮ್ರಾಜ್ಯ. ಮೊದಲ ಗುಡುಗು, ಮಳೆ ಬಿದ್ದೊಡನೆ ಮುರಕಲ್ಲಿನ ಗುಡ್ಡೆಗಳಲ್ಲಿ ಏಳುವ ಗುಂಡಗಿನ ಕಲ್ಲಣಬೆ ಮಂಗಳೂರಿನ ಮಾರ್ಕೆಟಿಗೆ ಬಂದಾಗ ಅದರ ಬೆಲೆ ಎಷ್ಟೋ ಸಲ ಮಾಂಸವನ್ನೂ ಮೀರುತ್ತದೆ. ಅದು ಕಾಡು ಮರಗಳ ಬೇರಿನ ಜೊತೆ ಕೊಡುಕೊಳ್ಳುವಿಕೆಯಲ್ಲಿ ಬದುಕುವ ಜೀವಿ, ಆದ್ದರಿಂದ ಬಿಳಿ ಅಣಬೆಯ ಹಾಗೆ ಶೆಡ್ಡಿನಲ್ಲಿ ಬೆಳೆಸಲು ಬರುವುದಿಲ್ಲ. ಸುಕ್ಕ ಮಾಡಿದರೆ ಕಚ್ಚಿದಾಗ ಟಪ್ಪೆನ್ನುವ ಅದರ ಹದಕ್ಕೆ ಸಾಟಿ ಕಡಿಮೆ.

◆ ಎಳೆ ಹಲಸು, ನಮ್ಮ ಗುಜ್ಜೆ, ಬೆಂದಾಗ ಮಾಂಸದ ಎಳೆಯಂತೆ ಬಿಡಿಸಿಕೊಳ್ಳುತ್ತದೆ. ಈಗ ಜಗತ್ತಿನ ದೊಡ್ಡ ಪಟ್ಟಣಗಳ ಹೋಟೆಲುಗಳು ಇದನ್ನು ಮಾಂಸದ ಬದಲಿಯಾಗಿ ಕೊಡುತ್ತಿವೆ. ರುಚಿಯ ಮಟ್ಟಿಗೆ ಒಪ್ಪೋಣ. ಆದರೆ 100 ಗ್ರಾಂ ಗುಜ್ಜೆಯಲ್ಲಿ ಪ್ರೋಟೀನು ಎರಡು ಗ್ರಾಂ ಆಸುಪಾಸು ಮಾತ್ರ. ಕೋಳಿ ಸುಕ್ಕದ ಜಾಗದಲ್ಲಿ ಗುಜ್ಜೆ ಸುಕ್ಕ ಇಟ್ಟು ಸುಮ್ಮನಾದರೆ ನಾಲಿಗೆಗೆ ಸಮಾಧಾನ, ಮೈಗೆ ನಷ್ಟ. ಅದರೊಂದಿಗೆ ಒಂದು ಹಿಡಿ ಕಡಲೆ ಬೀಳಲಿ. ನಮ್ಮ ಅಡುಗೆಯವರು ಗುಜ್ಜೆ-ಕಡಲೆ, ಮನೋಳಿ-ಕಡಲೆ ಎಂದು ಜೋಡಿಯಾಗಿಯೇ ಮಾಡುತ್ತ ಬಂದಿದ್ದಾರೆ, ನೋಡಿ.

ಇಲ್ಲಿ ಪ್ರೋಟೀನಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಮೊದಲ ಸಲ ಸಸ್ಯಾಹಾರಕ್ಕೆ ಬಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ, ಮೈತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ಬಂಗುಡೆಯಲ್ಲಿ 19–20 ಗ್ರಾಂ ಸಿಗುತ್ತಿತ್ತು. ಒಣ ಹೆಸರು, ಹುರುಳಿ, ಕಡಲೆಯಲ್ಲಿಯೂ 100 ಗ್ರಾಮಿಗೆ 20 ಗ್ರಾಮಿನ ಆಸುಪಾಸು ಇದೆ. ಆದರೆ ಒಣಕಾಳು ಬೇಯುವಾಗ ನೀರು ಹೀರಿ ಎರಡೂವರೆ ಪಟ್ಟು ತೂಗುತ್ತದೆ. ಬಡಿಸಿದ ಒಂದು ಸೌಟು ಸಾರಿನಲ್ಲಿ ಕಾಳೆಷ್ಟು, ನೀರೆಷ್ಟು ಎಂದು ನೋಡಬೇಕು. ತಿಳಿಸಾರು ಮತ್ತು ಉಪ್ಪಿನಕಾಯಿಯ ಊಟ ಮೀನಿನ ಊಟಕ್ಕೆ ಬದಲಾಗುವುದಿಲ್ಲ. ಬೆಳಿಗ್ಗೆ ಹೆಸರು ಬೇಯಿಸಿ ಒಗ್ಗರಿಸಿದ ಉಸಲಿ, ಮಧ್ಯಾಹ್ನ ಗಟ್ಟಿ ತೊವ್ವೆ ಅಥವಾ ಅಲಸಂಡೆಯ ಗಸಿ, ಒಂದು ಲೋಟ ಮೊಸರು, ಸಂಜೆ ಒಂದು ಹಿಡಿ ನೆಲಗಡಲೆ. ಇಷ್ಟಾದರೆ ಲೆಕ್ಕ ಸರಿಹೋಗುತ್ತದೆ.

◆ ಅನ್ನದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿಯಲ್ಲಿ ಅದಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಡ್ಲಿಗೆ ಉದ್ದು, ಗಂಜಿಗೆ ಹುರುಳಿ ಚಟ್ನಿ, ಅನ್ನಕ್ಕೆ ತೊವ್ವೆ: ಈ ಜೋಡಿಗಳು ಬರಿಯ ರುಚಿಗಾಗಿ ಹುಟ್ಟಿದವಲ್ಲ ಎಂದು ನಾನು ನಂಬುತ್ತೇನೆ.

◆ ಕುಚ್ಚಲಕ್ಕಿಯನ್ನು ಭತ್ತವಾಗಿಯೇ ಬೇಯಿಸಿ ಒಣಗಿಸುವಾಗ ಹೊಟ್ಟಿನ ಕೆಳಗಿನ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಉಜ್ಜಿದರೂ ಬೆಳ್ತಿಗೆಯಷ್ಟು ನಷ್ಟವಾಗುವುದಿಲ್ಲ.

◆ ಮೊದಲ ವಾರ ಹೊಟ್ಟೆಯುಬ್ಬರ. ಇದಕ್ಕೆ ಹೆದರಿ ಬಿಟ್ಟವರು ಬಹಳ. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಬಿಡುತ್ತವೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ತೊಂದರೆ ಕಡಿಮೆ. ದಿನಕ್ಕೆ ಅರ್ಧ ಸೌಟಿನಿಂದ ಶುರುಮಾಡಿ; ಎರಡು ಮೂರು ವಾರದಲ್ಲಿ ಕರುಳು ಹೊಂದಿಕೊಳ್ಳುತ್ತದೆ.

◆ ಇಂಗಿನ ಗಿಡ ನಮ್ಮದಲ್ಲ, ಇರಾನ್, ಅಫ್ಘಾನಿಸ್ತಾನದ್ದು. ಭಾರತದ ನೆಲದಲ್ಲಿ ವಿಜ್ಞಾನಿಗಳು ಅದರ ಮೊದಲ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅದಕ್ಕೂ ಬಹಳ ಹಿಂದಿನಿಂದಲೇ ಮಂಗಳೂರಿನ ಕೊಂಕಣಿ ಮನೆಗಳ ದಾಳಿತೋಯ್ ಇಂಗಿಲ್ಲದೆ ಕುದಿದದ್ದಿಲ್ಲ. ತೊಗರಿಬೇಳೆ, ಹಸಿಮೆಣಸು, ಇಂಗು, ಒಗ್ಗರಣೆ, ಇಷ್ಟೇ ಅದರ ಸಂಸಾರ. ಇದೇ ಗೌಡ ಸಾರಸ್ವತ ಮನೆಗಳಲ್ಲಿ ಬೇರೆ ದಿನ ಮೀನೂ ಬೇಯುತ್ತದೆ. ಹಬ್ಬದ ದಿನ ಈರುಳ್ಳಿ, ಬೆಳ್ಳುಳ್ಳಿಯೂ ಒಳಗೆ ಬರುವುದಿಲ್ಲ. ಎರಡೂ ಊಟವನ್ನು ಸಮವಾಗಿ ಬಲ್ಲ ಅಡುಗೆಮನೆ ಅದು. ಹೊಸಬರು ಕಲಿಯಬೇಕಾದದ್ದು ಇಂಥವರಿಂದ. ಒಂದು ಸಣ್ಣ ಸೂಚನೆ: ಅಂಗಡಿಯ ಇಂಗಿನ ಪುಡಿಯಲ್ಲಿ ಮೈದಾ ಬೆರೆತಿರುವುದುಂಟು. ಗೋಧಿ ಆಗದವರು ಡಬ್ಬಿಯ ಹಿಂಬದಿ ಓದಬೇಕು.

◆ ನಿಮಗೆ ನೆನಪಾಗುವುದು ಮೀನೋ, ಮೀನಿನ ಮಸಾಲೆಯೋ? ಕಡಲಮೀನು ಸತ್ತ ಮೇಲೆ ಟ್ರೈಮಿಥೈಲಮಿನ್ ಎಂಬ ವಸ್ತು ಹುಟ್ಟುತ್ತದೆ, ‘ಮೀನಿನ ವಾಸನೆ’ ಎನ್ನುವುದು ಅದನ್ನೇ. ಹುಳಿ ಸೇರಿದರೆ ಅದು ಗಾಳಿಗೆ ಏಳುವುದಿಲ್ಲ. ಮೀನಿನ ಪುಳಿಮುಂಚಿಗೆ ಆ ಪಾಟಿ ಹುಣಸೆಹುಳಿ, ಬಿಂಬುಳಿ ಬೀಳುವುದರ ಹಿಂದಿನ ಗುಟ್ಟು ಇದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಬೆಳ್ಳುಳ್ಳಿ ಹುರಿದು ಅರೆದ ಅದೇ ಮಸಾಲೆಯನ್ನು ಬದನೆಗೋ ಬೆಂಡೆಗೋ ಹಾಕುವಾಗ ಅಷ್ಟು ಹುಳಿ ಬೇಡ, ಅರ್ಧ ಸಾಕು. ಸಸ್ಯಾಹಾರದ ಮೊದಲ ದಿನಗಳಲ್ಲಿ ನಾನು ಮಾಡಿದ ಪುಳಿಮುಂಚಿ ಬರಿ ಹುಳಿಯಾಗಿ ಬಾಯಿಗಿಡಲು ಬಾರದೆ ಹೋದದ್ದು ಈ ಲೆಕ್ಕ ಗೊತ್ತಿಲ್ಲದೆ. ಪಕ್ಕದ ಮನೆಯ ಅಕ್ಕ ಒಂದು ತುಂಡು ಬೆಲ್ಲ, ಅರ್ಧ ಹಿಡಿ ತೆಂಗಿನ ತುರಿ ಅರೆದು ಹಾಕಿ ಅದನ್ನು ಉಳಿಸಿದರು.

◆ ಜೀಗುಜ್ಜೆ, ಸುವರ್ಣಗಡ್ಡೆ, ಬದನೆ: ತೆಳುವಾಗಿ ಹೆಚ್ಚಿ, ಮೆಣಸು-ಇಂಗು-ಉಪ್ಪಿನ ಲೇಪ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆ ಬಿಟ್ಟ ಕಬ್ಬಿಣದ ಕಾವಲಿಯಲ್ಲಿ ಎರಡೂ ಬದಿ ಕಾಯಿಸಿದರೆ ಕೊಂಕಣಿಯವರ ಫೋಡಿ. ಅಂಜಲ್ ರವಾ ಫ್ರೈ ಬಿಟ್ಟು ಬಂದವರಿಗೆ ಮೊದಲು ಕಲಿಯಲು ಇದೇ ತಕ್ಕದ್ದು.

◆ ಮಂಗಳೂರು ಸೌತೆ ನಿಜಕ್ಕೂ ಸೌತೆಯಲ್ಲ! ಸಸ್ಯಶಾಸ್ತ್ರದ ಪ್ರಕಾರ ಅದು ಕರಬೂಜದ ಜಾತಿ. ಹಸಿ ತಿನ್ನುವ ಮುಳ್ಳುಸೌತೆ ಬೇರೆ ಜಾತಿ. ಬೇಸಗೆಯಲ್ಲಿ ಕೊಯ್ದ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿದರೆ ಮಳೆಗಾಲ ಪೂರ್ತಿ ಕೆಡದೆ ನಿಲ್ಲುತ್ತದೆ. ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ, ಬೀಜ ಅರೆದರೆ ಸಾರಿಗೆ. ಬಿಸಾಡಲು ಏನೂ ಉಳಿಯುವುದಿಲ್ಲ.

◆ ತುಳುವಿನಲ್ಲಿ ಕರಿಮೆಣಸಿಗೆ ‘ಎಡ್ಡೆ ಮುಂಚಿ’, ಅಂದರೆ ಒಳ್ಳೆ ಮೆಣಸು. ಕೆಂಪು ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದದ್ದು. ಆಲೂಗಡ್ಡೆ, ಟೊಮೆಟೊ, ಗೇರುಬೀಜವೂ ಆ ಖಂಡದವೇ. ಮೆಣಸಿನಕಾಯಿ ಬರುವ ಮೊದಲು ಇಲ್ಲಿಯ ಖಾರ ಹೆಚ್ಚಾಗಿ ಈ ಒಳ್ಳೆ ಮೆಣಸಿನದ್ದು.

ಈಗ ನಾನು ಅತ್ಯಂತ ಕಾಳಜಿಯಿಂದ ಹೇಳಬೇಕಾದ ಮಾತು: ಬಿ12.

ಈ ಜೀವಸತ್ವವನ್ನು ಗಿಡಗಳೂ ಮಾಡುವುದಿಲ್ಲ, ಪ್ರಾಣಿಗಳೂ ಮಾಡುವುದಿಲ್ಲ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಷ್ಟೇ ಮಾಡುತ್ತವೆ. ಪ್ರಾಣಿಗಳ ಮೈಯಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಅದು ಸಂಗ್ರಹವಾಗುತ್ತದೆ, ಸೊಪ್ಪು, ತರಕಾರಿ, ಕಾಳಿನಲ್ಲಿ ಇಲ್ಲ. ಅದರ ಅಣುವಿನ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಕೂತಿದೆ, ಬಣ್ಣ ಕೆಂಪು. ಅಷ್ಟು ಜಟಿಲವಾದ ಅದರ ರಚನೆಯನ್ನು ಎಕ್ಸ್‌ರೇ ಕಿರಣಗಳಿಂದ ಬಿಡಿಸಿದ ಡೊರೊತಿ ಹಾಡ್ಜ್‌ಕಿನ್ ಅವರಿಗೆ 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಮಗೆ ಬೇಕಾದದ್ದು ದಿನಕ್ಕೆ 2.2 ಮೈಕ್ರೋಗ್ರಾಂ, ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು. ಆದರೆ ಅದಿಲ್ಲದೆ ರಕ್ತಕಣ ಸರಿಯಾಗಿ ಹುಟ್ಟುವುದಿಲ್ಲ, ನರಗಳ ಹೊದಿಕೆ ಸವೆಯುತ್ತದೆ. ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂರಾಟ. ತಡಮಾಡಿದರೆ ನರಕ್ಕಾದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಹೋಗಬಹುದು.

ಮೀನು ತಿಂದು ಬೆಳೆದವರ ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಬಿ12 ಕೂಡಿಟ್ಟಿರುತ್ತದೆ. ಹಾಗಾಗಿ ಮೂರು ತಿಂಗಳ ಪ್ರಯತ್ನಕ್ಕೆ ಭಯವಿಲ್ಲ. ಮುಂದುವರಿಸುವವರಿಗೆ ಮಾತ್ರ ಈ ಎಚ್ಚರ ಬೇಕು: ಸಂಗ್ರಹ ಸದ್ದಿಲ್ಲದೆ ಕರಗುತ್ತದೆ, ಸೊಪ್ಪಿನ ಫೋಲೇಟ್ ರಕ್ತಹೀನತೆಯನ್ನು ಮರೆಮಾಡಿ ನರದ ತೊಂದರೆಯನ್ನು ಒಳಗೇ ಬೆಳೆಯಬಿಡಬಹುದು. ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು-ಮೊಸರು ಇದ್ದರೆ ಸುಮಾರು ಎರಡು ಮೈಕ್ರೋಗ್ರಾಂ ಸಿಗುತ್ತದೆ. ಲೆಕ್ಕ ಅಂಚಿನಲ್ಲಿಯೇ ನಿಲ್ಲುತ್ತದೆ. ಹಾಲನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ಹುಳಿಬಂದ ಇಡ್ಲಿ ಹಿಟ್ಟು, ಸ್ಪಿರುಲಿನಾ ಪಾಚಿಯಿಂದ ಆಯಿತು ಎನ್ನುವವರನ್ನು ನಂಬಬೇಡಿ. ಆ ಪಾಚಿಯಲ್ಲಿರುವುದರ ಬಹುಪಾಲು ಬಿ12ನ ರೂಪ ಹೊತ್ತ, ಮೈಗೆ ಹತ್ತದ ವಸ್ತು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಇರುವ ಮನೆಯವರು ವೈದ್ಯರನ್ನು ಕೇಳಿಯೇ ಹೆಜ್ಜೆಯಿಡಬೇಕು.

◆ ಊಟವಾದ ಕೂಡಲೇ ಚಾ ಕುಡಿಯುವಿರಾ? ಚಾದ ಟ್ಯಾನಿನ್ ಸೊಪ್ಪು, ಕಾಳಿನ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ಮಾಂಸ, ಮೀನಿನ ಕಬ್ಬಿಣಕ್ಕೆ ಈ ತೊಂದರೆ ಅಷ್ಟಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಹರಿವೆ ಪಲ್ಯದ ಮೇಲೆ ನಾಲ್ಕು ಹನಿ ಲಿಂಬೆ ಹಿಂಡಿದರೆ, ಪಕ್ಕದಲ್ಲಿ ನೆಲ್ಲಿಕಾಯಿ ತಂಬುಳಿ ಇದ್ದರೆ, ಅದೇ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ.

◆ ಬೂತಾಯಿಯ ಕೊಬ್ಬಿನಲ್ಲಿರುವ ಒಮೆಗಾ-3 ಮೀನು ತಾನಾಗಿ ಮಾಡಿದ್ದಲ್ಲ. ಕಡಲಿನ ಸೂಕ್ಷ್ಮ ಪಾಚಿ ಅದನ್ನು ತಯಾರಿಸುತ್ತದೆ. ಪಾಚಿಯನ್ನು ಸಣ್ಣ ಜೀವಿಗಳೂ ಆ ಜೀವಿಗಳನ್ನು ಮೀನೂ ತಿಂದು ಅದು ನಮ್ಮ ಬಟ್ಟಲಿಗೆ ಬರುತ್ತದೆ. ಅಗಸೆ ಬೀಜದಲ್ಲಿರುವುದು ಇನ್ನೊಂದು ಬಗೆಯ ಒಮೆಗಾ-3. ಅದರಲ್ಲಿ ಸ್ವಲ್ಪವನ್ನಷ್ಟೇ ಮೈ ಮೀನಿನ ಬಗೆಗೆ ಬದಲಿಸಿಕೊಳ್ಳುತ್ತದೆ. ಹುರಿದು ಪುಡಿಮಾಡಿ ದಿನಕ್ಕೊಂದು ಚಮಚ ಚಟ್ನಿಗೆ ಸೇರಿಸಿ. ಇಡಿಯಾಗಿ ನುಂಗಿದರೆ ಬೀಜ ಹಾಗೆಯೇ ಹೊರಗೆ ಹೋಗುತ್ತದೆ.

◆ ಕಡಲಮೀನು ಬಿಟ್ಟವರಿಗೆ ಅಯೋಡಿನಿನ ಮೂಲವೂ ತಪ್ಪುತ್ತದೆ. ಇಂದುಪ್ಪು ಒಳ್ಳೆಯದೆಂದು ಅದೊಂದನ್ನೇ ಬಳಸುವ ರೂಢಿ ಈಗ ಹೆಚ್ಚುತ್ತಿದೆ. ಮನೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪು ಇರಲಿ.

◆ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ವೃತ್ತ, ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಇದ್ದದ್ದು ಕಂದು ವೃತ್ತ. ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ಹಸಿರು, ಕಂದುಗಳ ವ್ಯತ್ಯಾಸ ಕಾಣದ ವರ್ಣಾಂಧರು ಆಕಾರ ನೋಡಿ ತಿಳಿಯಲಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ ಬದಲಾವಣೆ ಇದು. ಎಷ್ಟು ಒಳ್ಳೆಯ ಯೋಚನೆ! ಮೊಟ್ಟೆ ಬಿದ್ದ ಕೇಕಿಗೆ ತ್ರಿಕೋನ. ಹಾಲು, ಜೇನಿಗೆ ವೃತ್ತ. ಹಾಲೂ ಇಲ್ಲದ ಪೂರ್ಣ ಸಸ್ಯಜನ್ಯ ತಿನಿಸಿಗೆ ಈಗ ಹಸಿರು ‘ವಿ’ ಅಕ್ಷರದ ಗುರುತು ಬೇರೆ ಬಂದಿದೆ.

◆ ಕೆಂಪು ಮಿಠಾಯಿಯ ಹಿಂಬದಿಯಲ್ಲಿ ‘120’ ಎಂಬ ಸಂಖ್ಯೆ ಇದ್ದರೆ ಆ ಕೆಂಪು ಕೊಚಿನಿಯಲ್ ಎಂಬ ಹುಳದ್ದು. ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮದ್ದು; ಔಷಧಿಯ ಕ್ಯಾಪ್ಸೂಲಿನ ಹೊದಿಕೆಯೂ ಬಹುತೇಕ ಅದೇ. ಅಗತ್ಯದ ಔಷಧಿಯನ್ನು ಮಾತ್ರ ಈ ಕಾರಣಕ್ಕೆ ಬಿಡಬೇಡಿ, ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ.

◆ ಜೆಲಟಿನ್ ಬೇಡದ ಪುಡ್ಡಿಂಗಿಗೆ ನಮ್ಮ ಮನೆಗಳಲ್ಲಿ ಹಾಕುವ ಚೈನಾ ಗ್ರಾಸ್ ಹುಲ್ಲಲ್ಲ, ಕೆಂಪು ಕಡಲಪಾಚಿ. ಮೀನು ಬಿಟ್ಟವರ ಬಟ್ಟಲಿಗೂ ಕಡಲು ಹೀಗೆ ಬರುತ್ತದೆ.

◆ ಸಸ್ಯಾಹಾರಿಗಳಿಗೂ ಬಿಡುವುದಕ್ಕೆ ಇನ್ನೂ ಎಷ್ಟೋ ಇರುತ್ತದೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಸುತ್ತಲಿನ ಜೈನ ಮನೆಗಳಲ್ಲಿ ನಿಯಮ ಹಿಡಿದವರು ಗಡ್ಡೆ-ಗೆಣಸು ಮುಟ್ಟುವುದಿಲ್ಲ. ಗಡ್ಡೆ ಕಿತ್ತರೆ ಗಿಡ ಸಾಯುತ್ತದೆ, ಅದರೊಡನೆ ಮಣ್ಣಿನ ಅಸಂಖ್ಯ ಜೀವವೂ ಎಂಬುದು ಅವರ ಕರುಣೆಯ ಲೆಕ್ಕ. ದೀಪಕ್ಕೆ ಹುಳ ಬೀಳುತ್ತದೆಂದು ರಾತ್ರಿ ಊಟವಿಲ್ಲ. ಉಡುಪಿಯ ಮಾಧ್ವರ ಚಾತುರ್ಮಾಸ್ಯದ ಕ್ರಮವಂತೂ ನಾಲ್ಕು ತಿಂಗಳ ಪಾಠ: ಮೊದಲ ತಿಂಗಳು ಶಾಕವ್ರತ, ತರಕಾರಿಯೇ ಇಲ್ಲ, ಎರಡನೆಯದು ದಧಿವ್ರತ, ಮೊಸರಿಲ್ಲ, ಮೂರನೆಯದು ಕ್ಷೀರವ್ರತ, ಹಾಲಿಲ್ಲ, ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ತರಕಾರಿಯಿಲ್ಲದೆ ತಿಂಗಳಿಡೀ ರುಚಿಯಾಗಿ ಅಡುಗೆ ಮಾಡಬಲ್ಲವರು ಇರುವಾಗ, ಮೀನಿಲ್ಲದೆ ಹೇಗೆ ಎಂಬ ಪ್ರಶ್ನೆ ಚಿಕ್ಕದಾಗುತ್ತದೆ.

◆ ಯಜ್ಞದಲ್ಲಿ ಪ್ರಾಣಿಯ ಬದಲು ಹಿಟ್ಟಿನ ಪಶುವನ್ನು ಅರ್ಪಿಸಬೇಕು ಎಂದು 13ನೇ ಶತಮಾನದಲ್ಲಿ ಎತ್ತಿಹಿಡಿದವರು ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು. ಪಿಷ್ಟಪಶು ಎಂದು ಅದರ ಹೆಸರು.

◆ ಉಡುಪಿ ಮಟ್ಟುವಿನ ಹಸಿರು ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬ್ಯಾಡಗಿ ಮೆಣಸಿಗೂ ಅದೇ ವರ್ಷ. ಎರಡೂ ಒಂದೇ ಹುಳಿಯಲ್ಲಿ ಸೇರಿದ ದಿನ ಊಟಕ್ಕೆ ಬೇರೆ ಏನೂ ಬೇಕೆನಿಸುವುದಿಲ್ಲ.

◆ ಪರವೂರಿನಲ್ಲಿ ಸಸ್ಯಾಹಾರ ಸಿಗುವುದು ಸುಲಭವಾದದ್ದು ನಮ್ಮ ಕರಾವಳಿಯವರಿಂದ. ಕೋಟ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದದ್ದು ಇಂದಿನ ಎಂಟಿಆರ್. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಅಲ್ಲಿ ಹುಟ್ಟಿತು. ಮುಂಬೈಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ.

◆ ಮಂಗಳೂರಿಗೆ ಮೂರು ಸಲ, 1920, 1927 ಮತ್ತು 1934ರಲ್ಲಿ, ಬಂದ ಗಾಂಧೀಜಿ ಹುಟ್ಟಿನಿಂದ ಸಸ್ಯಾಹಾರಿ. ಆದರೆ ಹುಡುಗರಾಗಿದ್ದಾಗ ಗೆಳೆಯನ ಮಾತು ಕೇಳಿ ಗುಟ್ಟಾಗಿ ಮಾಂಸ ತಿಂದಿದ್ದರು. ಲಂಡನ್ನಿನಲ್ಲಿ ಓದುವಾಗ ಮಾಂಸ ಮುಟ್ಟದೆ ಇದ್ದದ್ದು ತಾಯಿಗೆ ಕೊಟ್ಟ ಮಾತಿಗಾಗಿ. ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಹೆನ್ರಿ ಸಾಲ್ಟರ ಪುಸ್ತಕ ಕೊಂಡು ಓದಿದ ಮೇಲೆ ಅದು ಅವರದೇ ಆಯ್ಕೆಯಾಯಿತು. ಹುಟ್ಟಿನಿಂದ ಬಂದದ್ದನ್ನು ಬುದ್ಧಿ ತಿಳಿದ ಮೇಲೆ ಮತ್ತೊಮ್ಮೆ ಆರಿಸಿಕೊಳ್ಳುವುದು ಎಂಬ ಈ ಭಾಗ ಅವರ ಬದುಕಿನಲ್ಲಿ ನನಗೆ ಬಹಳ ಪ್ರಿಯ. ಇಂಗ್ಲಿಷರು ‘ವೆಜಿಟೇರಿಯನ್’ ಹೆಸರಿನ ಸಂಘ ಕಟ್ಟಿಕೊಂಡದ್ದು 1847ರಲ್ಲಿ, ರಾಮ್ಸ್‌ಗೇಟಿನಲ್ಲಿ. ಅದಕ್ಕೆ ಮುಂಚೆ ಅಲ್ಲಿ ಮಾಂಸ ಬಿಟ್ಟವರಿಗೆ ‘ಪೈಥಾಗೊರಸನ ಕಡೆಯವರು’ ಎನ್ನುತ್ತಿದ್ದರು.

◆ ಮಂಗಳೂರಿನ ಎಷ್ಟೋ ಗಂಡಸರ ಬದುಕಿನ ಮೊದಲ ದೀರ್ಘ ಸಸ್ಯಾಹಾರ ಶಬರಿಮಲೆಯ ಮಾಲೆಯೊಂದಿಗೆ ಬರುತ್ತದೆ. ನವೆಂಬರ್ ನಡುವಿನಲ್ಲಿ ಗುರುಸ್ವಾಮಿಯ ಕೈಯಿಂದ ಮಾಲೆ, ಕಪ್ಪು ವಸ್ತ್ರ, 41 ದಿನ ಮೀನು-ಮಾಂಸ-ಮದ್ಯವಿಲ್ಲ. ಇವರಿಗೆ ಇದು ಸಾಧ್ಯವಾಗುವುದರ ಗುಟ್ಟು ಮನಸ್ಸಿನ ಗಟ್ಟಿತನವೊಂದೇ ಅಲ್ಲ. ಒಬ್ಬರು ಮಾಲೆ ಹಾಕಿದರೆ ಮನೆಯ ಪಾತ್ರೆಗಳೆಲ್ಲ ಬೆಳಗಿ ಬೇರೆಯಾಗುತ್ತವೆ, ಹೆಂಡತಿ ಮಕ್ಕಳೂ ಮೀನು ಬಿಡುತ್ತಾರೆ, ಗೆಳೆಯರು ‘ಸ್ವಾಮಿ’ ಎಂದು ಕರೆಯುತ್ತಾರೆ, ಆಫೀಸಿನವರು ಟಿಫಿನ್ ಬಿಚ್ಚುವ ಮುಂಚೆ ಒಮ್ಮೆ ನೋಡುತ್ತಾರೆ. ಸುತ್ತಲಿನವರೆಲ್ಲ ಜೊತೆಗೆ ನಿಂತ ವ್ರತ ಅದು. ಒಂಟಿಯಾಗಿ ಪ್ರಯತ್ನಿಸುವವರು ಮನೆಯವರಿಗೂ ಜೊತೆ ಕೆಲಸ ಮಾಡುವವರಿಗೂ ಮೊದಲೇ ಹೇಳಿಡಿ; ಅರ್ಧ ಭಾರ ಇಳಿಯುತ್ತದೆ.

◆ ಈಸ್ಟರಿಗೆ ಮುಂಚಿನ, ಕೆಥೋಲಿಕರ ಕಪ್ಪು ದಿನಗಳ ತಪಸ್ಸಿನಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರ ಮಾಂಸ ನಿಷಿದ್ಧ. ಇಗರ್ಜಿಯ ನಿಯಮದಲ್ಲಿ ಮೀನು ಮಾಂಸವಲ್ಲ. ಆದರೆ ಇದೇ ಮಂಗಳೂರಿನ ಕೆಥೋಲಿಕರಿಗೆ ವರ್ಷದಲ್ಲಿ ಒಂದು ದೊಡ್ಡ ಹಬ್ಬ ಮೀನೂ ಇಲ್ಲದ್ದು. ಸೆಪ್ಟೆಂಬರ್ 8, ಮೇರಿ ಮಾತೆಯ ಜನ್ಮದಿನ, ಮೊಂತಿ ಫೆಸ್ತ್, ನಮ್ಮ ಪತ್ರಿಕೆಗಳ ಮಾತಿನಲ್ಲಿ ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ಇಗರ್ಜಿಯಿಂದ ಈ ಹೆಸರು ಬಂತೆನ್ನುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮೇರಿಯ ಮುಂದೆ ಚೆಲ್ಲುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು. ಮನೆಗೆ ತಂದ ತೆನೆಯ ಕಾಳು ಸುಲಿದು ಪುಡಿಮಾಡಿ ಹಾಲಿಗೋ ತೆಂಗಿನ ಹಾಲಿಗೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಊಟ, ಪೂರ್ತಿ ತರಕಾರಿಯದು. ಬಗೆಗಳ ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಏಳು, ಒಂಬತ್ತು. ತೊಂಡೆಕಾಯಿಗೆ ಗೇರುಬೀಜ, ಕೆಸುವಿನ ಎಲೆಯ ಗಂಟಿನ ಸಾರು, ಬೆಂಡೆ, ಹಾಗಲ, ಅಲಸಂಡೆ, ಹರಿವೆದಂಟು, ಕೊನೆಗೆ ಪಾಯಸ.

◆ ಕೊನೆಗೊಂದು ಲೆಕ್ಕ. ದೋಣಿಗಳು ದಡ ಸೇರುವ ಜೂನ್ 1ರಂದು ಮೀನು ಬಿಟ್ಟರೆ, ನಿಷೇಧದ 61 ದಿನ ಮುಗಿಯುವಾಗ ಆಟಿ ನಡುವಿನಲ್ಲಿರುತ್ತದೆ. ಆಗಸ್ಟ್ 1ರಿಂದ ಬೋಟುಗಳು ಮತ್ತೆ ಕಡಲಿಗೆ ಇಳಿದು ಕದ್ರಿ ಮಾರ್ಕೆಟಿಗೆ ತಾಜಾ ಬಂಗುಡೆ ಬರುತ್ತದೆ. ನಿಜವಾದ ಪರೀಕ್ಷೆಯ ವಾರಗಳು ಅವು. ಅಷ್ಟರಲ್ಲಿ ಸೋಣ ಬರುತ್ತದೆ, ಅಷ್ಟಮಿಗೆ ಕೇದಗೆ ಎಲೆಯ ಮೂಡೆ, ಹಲಸಿನ ಎಲೆಯ ಕೊಟ್ಟಿಗೆ ಬರುತ್ತದೆ. ದಿನ ಎಣಿಸುತ್ತ ಹೋದರೆ ಸರಿಯಾಗಿ ನೂರನೆಯ ದಿನಕ್ಕೆ ಸೆಪ್ಟೆಂಬರ್ 8. ಅಂದು ಬೆಳಿಗ್ಗೆ ನಂತೂರಿನಿಂದ ಬಿಕರ್ನಕಟ್ಟೆಗೆ, ಕುಲಶೇಖರದ ಕೋರ್ಡೆಲ್ ಇಗರ್ಜಿಯ ಕಡೆಗೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೋಗುತ್ತಿರುತ್ತಾರೆ; ಮಧ್ಯಾಹ್ನ ಆ ಬೀದಿಗಳ ಎಷ್ಟೋ ಮನೆಗಳಲ್ಲಿ ಎಲೆಯ ಮೇಲೆ ಬಡಿಸಿದ ಪಲ್ಯಗಳನ್ನು ಯಾರಾದರೊಬ್ಬ ಹುಡುಗ ಬೆರಳು ಮಡಚಿ ಎಣಿಸುತ್ತಿರುತ್ತಾನೆ, ಐದೋ, ಏಳೋ ಎಂದು.